ಆಧಾರವಿಲ್ಲದ ಭೂಮಿ

ಖಗೋಳಶಾಸ್ತ್ರದ ಮೊದಲ ಪಾಠಗಳನ್ನು ನಾನು ಕಲಿತುದು ಕಾಲೇಜಿನ ಕೋಣೆಯಲ್ಲಾದರೂ, ಅವುಗಳ ಅರ್ಥವು ನನಗೆ ಹೊಳೆದುದು ಸಿಂದಗಿಯ ಎರೆಹೊಲದಲ್ಲಿ, ಹಿಂಗಾರಿ ಜೋಳದ ತೆನೆ ಕಾಯಲೆಂದು ಅಟ್ಟಣಿಗೆಯೇರಿ ಕಂಬಳಿ ಹೊದ್ದು ಕುಳಿತ ಒಂದು ಪುಷ್ಯಮಾಸದ ರಾತ್ರಿಯಲ್ಲಿ. ಮಹಾವ್ಯಾಧನ ಪಾದದಲ್ಲಿ ನೀಲಧವಳವಾಗಿ ಉರಿಯುವ ರೈಜೆಲ್ ನಕ್ಷತ್ರವು ಸುಮಾರು 860 ಜ್ಯೋತಿರ್ವರ್ಷಗಳ ದೂರದಲ್ಲಿದೆಯೆಂದು ಓದಿದ್ದೆನು. ಅಂದು ನನ್ನ ಕಣ್ಣನ್ನು ಮುಟ್ಟಿದ ಕಿರಣವು ಅಲ್ಲಿಂದ ಹೊರಟುದು ನೆರೆಯ ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನ ಶತಮಾನದಲ್ಲಿ ಎಂಬ ಎಣಿಕೆಯು ಮನಸ್ಸನ್ನು ಮೂಕಗೊಳಿಸಿತು.

ಅದೇ ಶತಮಾನದಲ್ಲಿ, 1150ರಲ್ಲಿ, ‘ಸಿದ್ಧಾಂತಶಿರೋಮಣಿ’ಯನ್ನು ರಚಿಸಿದ ಭಾಸ್ಕರಾಚಾರ್ಯನು, ಭೂಮಿಗೆ ಮೂರ್ತವಾದ ಆಧಾರವೊಂದಿದ್ದರೆ ಅದಕ್ಕೆ ಮತ್ತೊಂದು, ಆ ಮತ್ತೊಂದಕ್ಕೆ ಇನ್ನೊಂದು ಬೇಕಾಗಿ ಕೊನೆಯೇ ಇರದೆಂದೂ, ಕಟ್ಟಕಡೆಯದು ಸ್ವಶಕ್ತಿಯಿಂದ ನಿಲ್ಲಬಹುದಾದರೆ ಭೂಮಿಯೇ ಏಕೆ ಹಾಗೆ ನಿಲ್ಲಬಾರದೆಂದೂ ವಾದಿಸಿದನು. ಈ ತರ್ಕವು ದೇವರನ್ನು ಕಳೆಯಿತೇ? ನನಗೆ ಹಾಗೆನಿಸಲಿಲ್ಲ, ಅದು ಕಳೆದುದು, ಹಿಡಿಯಲು ಆಸರೆಯೊಂದು ಇರಲೇಬೇಕೆಂಬ ಅಂಜಿಕೆಯನ್ನು ಮಾತ್ರ. ಶರಣರು ಪರತತ್ತ್ವವನ್ನು ಬಯಲೆಂದು ಕರೆದುದರ ಔಚಿತ್ಯವು, ಕಂಬವೊಂದೂ ಇಲ್ಲದ ಆ ಆಕಾಶದ ಕೆಳಗೆ, ನಾಲ್ಕು ಗಳುಗಳನ್ನು ನೆಚ್ಚಿ ಅಟ್ಟಣಿಗೆಯ ಮೇಲೆ ಕುಳಿತಿದ್ದವನಿಗೆ ತಾನಾಗಿಯೇ ತಿಳಿಯಿತು.