ಕಾಯಕವೂ ನೆರವಿನ ಅಳತೆಯೂ

ಕಾಯಕವೆಂಬ ಶಬ್ದವು ಕಾಯದಿಂದ ಹುಟ್ಟಿದೆ. ಕಾಯವುಳ್ಳ ಪ್ರತಿಯೊಬ್ಬರಿಗೂ ಕಾಯಕವುಂಟೆಂಬುದು ಶರಣಧರ್ಮದ ತಿರುಳು. ಆದರೆ ಕಾಯವೇ ತನ್ನ ಮಾತನ್ನು ಕೇಳದಿರುವವನ ಗತಿಯೇನು? ಇಪ್ಪತ್ತು ತುಂಬಿದ ಮಗನಿಗೆ ತಾಯಿಯೇ ಸ್ನಾನ ಮಾಡಿಸಿ, ಗುಂಡಿ ಹಾಕಿ, ತುತ್ತು ಕಲಸಿ ಕೊಡುತ್ತಿರುವ ಮನೆಗಳು ತುಮಕೂರಿನಲ್ಲಿಯೂ ಇವೆ, ಗುಬ್ಬಿ ಕುಣಿಗಲ್ಲುಗಳಲ್ಲಿಯೂ ಇವೆ. ಆ ತಾಯಿಯದು ನಿಜವಾಗಿಯೂ ದಾಸೋಹವೇ. ಆದರೂ ಆ ದಾಸೋಹವು ಮಗನ ಕಾಯಕವನ್ನು ಕಸಿದುಕೊಳ್ಳುತ್ತಿಲ್ಲವೇ ಎಂಬುದು ವಿಚಾರ ಮಾಡತಕ್ಕ ಪ್ರಶ್ನೆ.

ಮಿದುಳಿನ ಬೆಳವಣಿಗೆಯ ರೀತಿಯೇ ಬೇರೆಯಾಗಿರುವ ಇಂಥವರನ್ನು ಲೋಕವು ಬಹುಕಾಲ ಹುಚ್ಚರೆಂದೋ ಹಟಮಾರಿಗಳೆಂದೋ ಕರೆಯಿತು. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯನು ಆಟಿಸಮ್ಮಿನ ಲಕ್ಷಣಗಳನ್ನು ವಿವರಿಸಿದ ಮೇಲೆಯೂ ಕೆಲವು ಪಂಡಿತರು ತಾಯಂದಿರ ಅಕ್ಕರೆ ಸಾಲದೆಂದು ದೂರಿದರು. ಅದು ಸುಳ್ಳೆಂದು ತಿಳಿಯುವ ಹೊತ್ತಿಗೆ ಎಷ್ಟೋ ತಾಯಂದಿರು ಬೆಂದುಹೋಗಿದ್ದರು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಎಣಿಸುವ 21 ಬಗೆಗಳಲ್ಲಿ ಆಟಿಸಮ್ಮೂ ಕಲಿಕೆಯ ತೊಡಕೂ ಸೇರಿವೆ.

ಇವರ ದಿನಚರಿಗೆ ನೆರವಾಗುವ ವಿದ್ಯೆಗೆ ಆಕ್ಯುಪೇಷನಲ್ ಥೆರಪಿ ಎಂದು ಹೆಸರು. 1950ರಲ್ಲಿ ಕಮಲಾ ನಿಂಬ್ಕರ್ ಎಂಬ ಮಹಿಳೆ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಅದರ ಶಾಲೆಯನ್ನು ತೆರೆದರು. ಕನ್ನಡದಲ್ಲಿ 'ಔದ್ಯೋಗಿಕ ಚಿಕಿತ್ಸೆ' ಎಂದು ಹೇಳುವುದು ವಾಡಿಕೆಯಾದರೂ ಆ ಮಾತು ದಾರಿ ತಪ್ಪಿಸುತ್ತದೆ. ಅದು ನೌಕರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಏಳುವುದು, ಮೀಯುವುದು, ಉಣ್ಣುವುದು, ಅಂಗಡಿಗೆ ಹೋಗಿಬರುವುದು, ಹೀಗೆ ದಿನವನ್ನು ತುಂಬುವ ಸಮಸ್ತ ಕ್ರಿಯೆಯೂ ಅದರ ವ್ಯಾಪ್ತಿಗೆ ಸೇರಿದೆ. ಕಾಯಕವೆಂಬ ನಮ್ಮ ಹಳೆಯ ಮಾತೇ ಅದಕ್ಕೆ ಹೆಚ್ಚು ಹತ್ತಿರವಾಗಿದೆ.

ಸ್ನಾನವನ್ನೇ ತೆಗೆದುಕೊಳ್ಳಬಹುದು. ನೀರನ್ನು ಬೆರೆಸುವುದು, ತಂಬಿಗೆ ಎತ್ತುವುದು, ಸೋಪು ಹಚ್ಚುವುದು, ಒರೆಸಿಕೊಳ್ಳುವುದು, ಇವುಗಳಲ್ಲಿ ಎಲ್ಲಿ ತಡೆಯಾಗುತ್ತದೆಂದು ಈ ವಿದ್ಯೆಯನ್ನು ಬಲ್ಲವರು ಮೊದಲು ನೋಡುತ್ತಾರೆ. ಒಬ್ಬನಿಗೆ ನೆತ್ತಿಯ ಮೇಲೆ ಬಿದ್ದ ನೀರು ಮುಳ್ಳಿನಂತೆ ಚುಚ್ಚುತ್ತದೆ. ಅವನು ಹೆಗಲಿನಿಂದ ಹೊಯ್ದುಕೊಳ್ಳಬಹುದು. ಇನ್ನೊಬ್ಬಳಿಗೆ ಎಲ್ಲವೂ ಬರುತ್ತದೆ, ಮುಂದಿನದು ಯಾವುದೆಂದು ಮಾತ್ರ ಹೊಳೆಯುವುದಿಲ್ಲ. ಗೋಡೆಗೆ ಸಾಲಾಗಿ ಅಂಟಿಸಿದ ಚಿತ್ರಗಳು ಅವಳಿಗೆ ಸಾಕು. ಮತ್ತೊಬ್ಬನಿಗೆ ಎಲ್ಲವನ್ನೂ ಮಾಡಿಸಿ ಕೊನೆಯದೊಂದನ್ನು, ಟವಲನ್ನು ಹಗ್ಗದ ಮೇಲೆ ಹರವುವುದನ್ನು, ಅವನಿಗೇ ಬಿಡುತ್ತಾರೆ. ಅದು ಕೈಗೂಡಿದ ಮೇಲೆ ಕೊನೆಯ ಎರಡು, ಆಮೇಲೆ ಮೂರು. ತಿಂಗಳುಗಳು ಹಿಡಿಯುತ್ತವೆ. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರು ಬಸ್ಸಿನಲ್ಲಿ ಬರುವುದನ್ನೂ ಹೀಗೆಯೇ ಕಲಿಸಬಹುದು. ಮೊದಲು ಪಕ್ಕದಲ್ಲಿ ಕೂತವರು ಬರಬರುತ್ತಾ ಹಿಂದಿನ ಸೀಟಿಗೆ ಸರಿಯುತ್ತಾರೆ. ಕೊನೆಗೆ ಬಸ್ ನಿಲ್ದಾಣದಲ್ಲಿ ಕಾಯುತ್ತಾರೆ.

ಹೀಗೆ ಹಿಂದೆ ಸರಿಯುವುದೇ ಕಷ್ಟ. ಸಿದ್ಧಗಂಗೆಯ ದಾಸೋಹವನ್ನು ಕಂಡು ಬೆಳೆದ ಜಿಲ್ಲೆಯಿದು; ಕೊಡುವುದು ಇಲ್ಲಿನ ಕೈಗೆ ಸಹಜ, ಕೊಡದೆ ತಡೆಯುವುದು ಅಸಹಜ. ಆದರೆ ತುಮಕೂರಿನ ಮಗ್ಗುಲಿನ ಗೂಳೂರಿನ ಸಿದ್ಧವೀರಣ್ಣೊಡೆಯರು ಪರಿಷ್ಕರಿಸಿದ ಶೂನ್ಯಸಂಪಾದನೆಯಲ್ಲಿ ಆಯ್ದಕ್ಕಿ ಮಾರಯ್ಯನ ಪ್ರಸಂಗವಿದೆ. ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಾದುದನ್ನು ತಂದಲ್ಲಿಗೇ ಸುರಿದು ಬರುವಂತೆ ಕಳುಹಿಸಿದಳು. ಅಗತ್ಯಕ್ಕೆ ಮೀರಿದ ನೆರವೂ ಅಂಥ ಅಕ್ಕಿಯೇ. ಒಳ್ಳೆಯ ಮನಸ್ಸಿನಿಂದ ತಂದುದಾದರೂ ಅದು ಇನ್ನೊಬ್ಬರ ಪಾಲು.

ಇಲ್ಲಿ ಒಂದು ಅಪಾಯವನ್ನೂ ಮರೆಯಲಾಗದು. ಕಾಯಕವನ್ನು ಅಳತೆಗೋಲಾಗಿ ಹಿಡಿದು ಮನುಷ್ಯನ ಬೆಲೆ ಕಟ್ಟಿದರೆ ಶರಣರ ಮಾತನ್ನೇ ಅವರ ವಿರುದ್ಧ ತಿರುಗಿಸಿದಂತಾಗುತ್ತದೆ. ಇವರನ್ನು ಇತರರಂತೆ ಕಾಣಿಸುವುದೂ ನೆರವಿನ ಗುರಿಯಲ್ಲ. ಬೆರಳು ಕುಣಿಸುತ್ತಾ ನೆಮ್ಮದಿ ಪಡುವವನ ಕೈಯನ್ನು ಹಿಡಿದು ನಿಲ್ಲಿಸುವುದರಿಂದ ಯಾರಿಗೆ ಲಾಭ? ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ತೇರಿನ ದಿನದ ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ಚೀರುವ ತರುಣನಲ್ಲಿ ಭಕ್ತಿಯಿಲ್ಲವೆಂದಲ್ಲ. ಜನವಿಲ್ಲದ ಮುಂಜಾವಿನಲ್ಲಿ ಅವನೂ ಸಿದ್ಧಲಿಂಗೇಶ್ವರನ ಮುಂದೆ ನಿಂತಾನು.

ಎಷ್ಟು ಕಲಿಸಿದರೂ ಕೆಲವರಿಗೆ ಕೊನೆಯವರೆಗೂ ಇನ್ನೊಬ್ಬರ ಕೈ ಬೇಕು. ಅವರಿಗೆ ಉಡಿಸುವಾಗಲೂ ಯಾವ ಅಂಗಿಯೆಂದು ಕೇಳಬಹುದು, ಮುಟ್ಟುವ ಮೊದಲು ಹೇಳಬಹುದು. ತಾಯಿಯ ಕಾಲಾನಂತರದ ಚಿಂತೆಗೆ 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮವು ಒಂದು ದಾರಿ ಮಾಡಿದೆ: ಜಿಲ್ಲಾಧಿಕಾರಿಗಳೂ ಸದಸ್ಯರಾಗಿರುವ ಸ್ಥಳೀಯ ಸಮಿತಿಯು ಆಟಿಸಮ್ ಮೊದಲಾದುವುಳ್ಳ ವಯಸ್ಕರಿಗೆ ಪೋಷಕರನ್ನು ನೇಮಿಸಬಲ್ಲದು. ಆದರೆ ಆ ಪೋಷಕನಿಗೆ ಮಗನ ನೆತ್ತಿಗೆ ನೀರು ಹೊಯ್ಯಬಾರದೆಂಬುದನ್ನು ಹೇಳುವವರು ಯಾರು? ಅದನ್ನು ತಾಯಿಯೇ ಈಗಲೇ ಒಂದು ಹಾಳೆಯಲ್ಲಿ ಬರೆದಿಡಬೇಕು.