ಗರ್ಭಿಣಿಯ ಮದ್ದೂ ಕೂಸಿನ ಕ್ಷೇಮವೂ



ಒಬ್ಬಳು ನುಂಗಿದ ಮದ್ದು ಇಬ್ಬರ ಮೈಗೆ ಸೇರುವದಾದರೆ, ಅದನ್ನು ನುಂಗಬೇಕೋ ಬಿಡಬೇಕೋ ಎಂದು ನಿರ್ಣಯಿಸತಕ್ಕವರು ಯಾರು? ಆ ನಿರ್ಣಯದಿಂದ ಕೇಡು ಬಂದರೆ ಅದರ ಹೊಣೆ ಯಾರದು? ಇದು ವೈದ್ಯರಿಗೂ ಪಂಡಿತರಿಗೂ ಮಾತ್ರ ಸೇರಿದ ಪ್ರಶ್ನೆಯೆಂದು ನೆನಸಬಾರದು. ಜಯಪುರದ ಸುತ್ತಿನ ಅಡಿಕೆ ತೋಟದ ಮನೆಗಳಲ್ಲಿಯೂ ಕಾಫಿ ತೋಟದ ಲೈನ್ ಮನೆಗಳಲ್ಲಿಯೂ ಬಸುರಿಯೊಬ್ಬಳಿಗೆ ಜ್ವರ ಬಂದ ದಿನವೇ ಈ ಪ್ರಶ್ನೆಯು ಬಾಗಿಲಿಗೆ ಬಂದು ನಿಲ್ಲುತ್ತದೆ.

ಇದಕ್ಕೆ ನಮ್ಮ ಜನರಲ್ಲಿ ಎರಡು ಉತ್ತರಗಳು ಕೇಳಿಬರುತ್ತವೆ. ‘ಬಸುರಿಗೆ ಯಾವ ಮದ್ದೂ ಬೇಡ, ಕೂಸಿಗೆ ಕೇಡು’ ಎಂಬದು ಒಂದು. ‘ನೋವಿನ ಗುಳಿಗೆಯಿಂದ ಏನಾದೀತು, ಅಂಗಡಿಯಲ್ಲೇ ಸಿಕ್ಕುವದಿಲ್ಲವೇ’ ಎಂಬದು ಇನ್ನೊಂದು. ಮೊದಲನೆಯದು ಭಯದ ಮಾತು, ಎರಡನೆಯದು ಉದಾಸೀನದ ಮಾತು. ಎರಡನ್ನೂ ತೂಗಿ ನೋಡೋಣ.

ಮಾಸು ಎಂಬದು ಕೂಸನ್ನು ಕಾಯುವ ಗೋಡೆ, ಅದನ್ನು ದಾಟಿ ವಿಷವು ಹೋಗಲಾರದು ಎಂದು ಹಿಂದೆ ವೈದ್ಯರಲ್ಲಿಯೂ ಅನೇಕರು ನಂಬಿದ್ದರು. ನಿಜವೇನಂದರೆ ಅದು ಗೋಡೆಯಲ್ಲ, ಜರಡಿ. ಅನ್ನದ ಸಾರವನ್ನೂ ಉಸಿರಿನ ಗಾಳಿಯನ್ನೂ ದಾಟಿಸುವ ಹಾಗೆಯೇ ಬಹುಪಾಲು ಮದ್ದುಗಳನ್ನೂ ಅದು ದಾಟಿಸುತ್ತದೆ. ಇದನ್ನು ಲೋಕವು ಕಲಿತದ್ದು ಬಹು ದುಃಖದಿಂದ. ಪಶ್ಚಿಮ ಜರ್ಮನಿಯ ಗ್ರ್ಯೂನೆಂಥಾಲ್ ಎಂಬ ಕಂಪನಿಯು 1957 ರಲ್ಲಿ ಥಾಲಿಡೊಮೈಡ್ ಎಂಬ ನಿದ್ರೆಯ ಮದ್ದನ್ನು ಮಾರಾಟಕ್ಕೆ ತಂದಿತು. ಅದು ನಿರಪಾಯವೆಂದು ಸಾರಲಾಯಿತು. ವೈದ್ಯರ ಚೀಟಿಯಿಲ್ಲದೆಯೂ ಅಲ್ಲಿ ಸಿಕ್ಕಿತು. ಬಸುರಿಯರು ವಾಂತಿ ನಿಲ್ಲುವದಕ್ಕಾಗಿ ತೆಗೆದುಕೊಂಡರು. ನಾಲ್ಕು ವರುಷಗಳೊಳಗೆ ಕೈಕಾಲುಗಳು ಬೆಳೆಯದ ಕೂಸುಗಳು ದೇಶದೇಶಗಳಲ್ಲಿ ಹುಟ್ಟಿದವು. ಅವುಗಳ ಸಂಖ್ಯೆಯು ಸುಮಾರು 10,000 ಎಂದು ಹೇಳುತ್ತಾರೆ. ಜರ್ಮನಿಯ ವಿಡುಕಿಂಡ್ ಲೆಂಟ್ಸ್ ಎಂಬ ಮಕ್ಕಳ ವೈದ್ಯರು 1961 ರ ನವೆಂಬರಿನಲ್ಲಿ ಎಚ್ಚರಿಕೆಯನ್ನು ಕೊಟ್ಟ ಮೇಲೆ ಆ ಮದ್ದನ್ನು ಹಿಂದೆಗೆದರು. ಅಮೇರಿಕದಲ್ಲಿ ಫ್ರಾನ್ಸೆಸ್ ಕೆಲ್ಸಿ ಎಂಬ ಅಧಿಕಾರಿಣಿಯು, ಸಾಕಷ್ಟು ರುಜುವಾತು ಇಲ್ಲವೆಂದು ಹೇಳಿ, ಕಂಪನಿಯವರು ಎಷ್ಟು ಒತ್ತಾಯಿಸಿದರೂ ಒಪ್ಪಿಗೆ ಕೊಡಲಿಲ್ಲ. ಆದಕಾರಣ ಅಲ್ಲಿ ಸಾವಿರಾರು ಮಕ್ಕಳು ಉಳಿದರು.

ಇದರಲ್ಲಿ ಇನ್ನೊಂದು ಸಂಗತಿಯುಂಟು. ಕೂಸಿನ ಕೈಕಾಲುಗಳನ್ನು ಆ ಮದ್ದು ಕೆಡಿಸಿದ್ದು ಗರ್ಭ ನಿಂತ ಸುಮಾರು 20ನೆಯ ದಿನದಿಂದ 36ನೆಯ ದಿನದ ವರೆಗೆ ಮಾತ್ರ. ಅಷ್ಟರಲ್ಲಿ ಎಷ್ಟೋ ಸ್ತ್ರೀಯರಿಗೆ ತಾವು ಬಸುರಿಯೆಂಬದೇ ತಿಳಿದಿರುವದಿಲ್ಲ. ಆದದರಿಂದ ಎಚ್ಚರಿಕೆಯು ಮುಟ್ಟು ನಿಂತ ಮೇಲೆ ಅಲ್ಲ, ಮಗು ಬೇಕೆಂದು ಬಯಸುವಾಗಲೇ ಹುಟ್ಟಬೇಕು.

ಅಂಗಡಿಯ ಗುಳಿಗೆಯ ವಿಷಯಕ್ಕೆ ಬರೋಣ. ಮೈಕೈ ನೋವಿಗೆ ಜನರು ಕೊಂಡುಕೊಳ್ಳುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದವು 20 ವಾರ ಕಳೆದ ಮೇಲೆ ಕೂಸಿನ ಮೂತ್ರಪಿಂಡಕ್ಕೆ ತೊಂದರೆ ಮಾಡಿ ಗರ್ಭದ ನೀರನ್ನು ಕಡಿಮೆ ಮಾಡಬಹುದು. ಕೊನೆಯ ತಿಂಗಳುಗಳಲ್ಲಿ ಹೃದಯದ ಬಳಿಯ ಒಂದು ರಕ್ತನಾಳವನ್ನು ಅಕಾಲದಲ್ಲಿ ಮುಚ್ಚಿಬಿಡಬಹುದು. ಟೆಟ್ರಾಸೈಕ್ಲಿನ್ ಎಂಬದು ಹುಟ್ಟಲಿರುವ ಕೂಸಿನ ಹಲ್ಲಿಗೆ ಹಳದಿ ಬಣ್ಣ ಹತ್ತಿಸುವದು. ಬೇರು ನಾರುಗಳ ಕಷಾಯವೂ ಮದ್ದೇ. ಕಾಡಿನಲ್ಲಿ ಬೆಳೆದದ್ದೆಂಬ ಮಾತ್ರಕ್ಕೆ ಅದು ಕೂಸಿಗೆ ಹಿತವೆಂದು ಹೇಳಲಾಗದು. ಹೀಗೆ ಉದಾಸೀನದ ಮಾತು ಬಿದ್ದುಹೋಯಿತು.

ಹಾಗಾದರೆ ಭಯದ ಮಾತು ನಿಂತಿತೋ? ಅದೂ ನಿಲ್ಲುವದಿಲ್ಲ. ಯಾಕಂದರೆ ಮದ್ದು ಮಾತ್ರವಲ್ಲ, ರೋಗವೂ ಮಾಸನ್ನು ದಾಟುತ್ತದೆ. ಮಲೆನಾಡಿನ ಹಿರಿಯರು ಚಳಿಜ್ವರವನ್ನು ಮರೆತಿಲ್ಲ. ಮಲೇರಿಯಾ ಹತ್ತಿದ ಬಸುರಿಗೆ ಗರ್ಭ ಇಳಿಯುವದುಂಟು, ತೂಕವಿಲ್ಲದ ಕೂಸು ಹುಟ್ಟುವದುಂಟು, ತಾಯಿಯೇ ಸಾಯುವದುಂಟು. ಮೊದಲ ಮೂರು ತಿಂಗಳಲ್ಲಿಯೂ ವೈದ್ಯರು ಆ ಕಹಿ ಕ್ವಿನೈನನ್ನು ಬಹುಕಾಲ ಕೊಡುತ್ತಿದ್ದದ್ದು ಅದು ನಿರಪಾಯವೆಂದಲ್ಲ, ಜ್ವರವು ಅದಕ್ಕಿಂತ ಕ್ರೂರವೆಂದು. ಥೈರಾಯ್ಡ್ ಗ್ರಂಥಿಯು ಸೋತವಳು ತನ್ನ ಗುಳಿಗೆಯನ್ನು ಬಿಟ್ಟರೆ ಕೂಸಿನ ಬುದ್ಧಿಯ ಬೆಳವಣಿಗೆಗೇ ಕುಂದು ಬರಬಹುದು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ ಸುಣ್ಣದ ನೀರನ್ನೂ ನಾವು ಮದ್ದೆಂದೇ ಕರೆಯುತ್ತೇವಲ್ಲವೇ? ಸುಣ್ಣದ ಅಳತೆ ತಪ್ಪಿದರೆ ಅದು ಎಳೆಗಾಯನ್ನು ಸುಡುವದೆಂದು ಬಲ್ಲೆವು. ಆದರೂ ಮಳೆಗಾಲದಲ್ಲಿ ಮದ್ದು ಹೊಡೆಯದೆ ಗೊನೆಯನ್ನು ಕೊಳೆಯಬಿಟ್ಟವನನ್ನು ಜಾಣನೆನ್ನುವದಿಲ್ಲ. ಮಾಡಿದ್ದಕ್ಕೆ ಹೊಣೆಯಿರುವಂತೆ ಮಾಡದೆ ಬಿಟ್ಟದ್ದಕ್ಕೂ ಹೊಣೆಯುಂಟು.

ಈ ತೂಕವು ಅತಿ ಕಠಿಣವಾಗುವದು ಮೂರ್ಛೆರೋಗದಲ್ಲಿಯೂ ಮನಸ್ಸಿನ ರೋಗಗಳಲ್ಲಿಯೂ. ವಾಲ್ಪ್ರೊಯೇಟ್ ಎಂಬ ಮದ್ದನ್ನು ತೆಗೆದುಕೊಂಡ ಬಸುರಿಯರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಯ ಕೂಸುಗಳಿಗೆ ದೊಡ್ಡ ಅಂಗದೋಷ ಕಂಡಿದೆ. ಬುದ್ಧಿಯ ಬೆಳವಣಿಗೆಗೂ ಅಡ್ಡಿಯಾಗುತ್ತದೆ. ಅದನ್ನು ಕೇಳಿ ಹೆದರಿ ಒಂದೇ ದಿನ ನಿಲ್ಲಿಸಿದರೆ ಮೂರ್ಛೆಯು ಮೇಲಿಂದ ಮೇಲೆ ಬಂದು ತಾಯಿ ಕೂಸು ಇಬ್ಬರೂ ಅಪಾಯಕ್ಕೆ ಬೀಳುವರು. ಮಾರ್ಗವೇನಂದರೆ, ಗರ್ಭ ನಿಲ್ಲುವ ಮೊದಲೇ ವೈದ್ಯರ ಬಳಿಗೆ ಹೋಗಿ, ಕಡಿಮೆ ಅಪಾಯದ ಬೇರೆ ಮದ್ದಿಗೆ ಮೆಲ್ಲಮೆಲ್ಲನೆ ಬದಲಾಗುವದು. ಫೋಲಿಕ್ ಆಮ್ಲದ ಗುಳಿಗೆಯನ್ನೂ ಆಗಲೇ ಆರಂಭಿಸುವದು. ಮನೋವ್ಯಥೆಗೆ ಕೊಡುವ ಕೆಲವು ಮದ್ದುಗಳಿಂದ ಹುಟ್ಟಿದ ಕೂಸು ಕೆಲವು ದಿನ ನಡುಗಬಹುದು, ಹಾಲು ಸರಿಯಾಗಿ ಕುಡಿಯದೆ ಇರಬಹುದು. ಹೊಕ್ಕುಳಬಳ್ಳಿಯನ್ನು ಕೊಯ್ದ ಕೂಡಲೆ ತಾಯಿಯ ಕಡೆಯಿಂದ ಮದ್ದು ನಿಲ್ಲುವದರಿಂದಲೂ, ಒಳಗೆ ಉಳಿದದ್ದನ್ನು ಕೂಸಿನ ಎಳೆಯ ಯಕೃತ್ತು ಮೂತ್ರಪಿಂಡಗಳು ಬೇಗ ಹೊರಗೆ ಹಾಕಲಾರದ್ದರಿಂದಲೂ ಹೀಗಾಗುವದು. ಇದು ಬಹುಮಟ್ಟಿಗೆ ತಾನಾಗಿ ಶಮನವಾಗುವದು. ಆದರೆ ಹೆರಿಗೆ ಮಾಡಿಸುವವರಿಗೆ ಮೊದಲೇ ತಿಳಿದಿದ್ದರೆ ತಾನೇ ಅವರು ಕಾದು ನೋಡುವರು? ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ 2009 ರಲ್ಲಿ ಇಂಥ ತಾಯಂದಿರನ್ನು ಕೂಸಿನ ಸಂಗಡವೇ ಇರಿಸಿಕೊಂಡು ಚಿಕಿತ್ಸೆ ಮಾಡುವ ವಿಭಾಗವನ್ನು ತೆರೆದರು. ತಾಯಿಯ ಕ್ಷೇಮವನ್ನು ಕೂಸಿನ ಕ್ಷೇಮಕ್ಕೆ ಎದುರಾಳಿಯೆಂದು ಎಣಿಸದೆ ಎರಡನ್ನೂ ಒಂದೇ ಕೋಣೆಯಲ್ಲಿ ಕಾಯುವ ಕ್ರಮವು ಶ್ಲಾಘ್ಯವಾದದ್ದು.

ಆದರೆ ಆಸ್ಪತ್ರೆಗೆ ಹೋಗಿ ಬಾಯಿ ಬಿಡುವದಕ್ಕೆ ಮೊದಲು ಮನೆಯಲ್ಲಿ ಬಾಯಿ ಬಿಡುವ ಧೈರ್ಯವಿರಬೇಕು. ಮೂರ್ಛೆರೋಗವಿದೆಯೆಂದು ಮದುವೆಯ ಕಾಲದಲ್ಲಿ ಮುಚ್ಚಿಡುವರು. ಬಂದ ಸೊಸೆಯು ಗುಳಿಗೆಯನ್ನು ಸೆರಗಿನಲ್ಲಿ ಅಡಗಿಸಿ ನುಂಗುವಳು. ಬಸುರಿಯಾದ ಮೇಲೆ ಕೇಳುವದಕ್ಕೆ ಯಾರೂ ಇಲ್ಲದೆ ತಾನೇ ನಿಲ್ಲಿಸುವಳು. ಇಲ್ಲಿ ಕೂಸಿಗೆ ಕೇಡು ಮಾಡಿದ್ದು ಯಾವದು? ಮದ್ದೋ, ರೋಗವೋ, ಅಥವಾ ಆ ಮನೆಯ ಮಾತಿನ ಭಯವೋ? ಸತ್ಯವನ್ನು ಹೇಳಬೇಕೆಂದು ಹೆಂಗಸಿಗೆ ಬೋಧಿಸುವ ನಾವು, ಸತ್ಯವನ್ನು ಹೇಳಿದವಳು ಹೊರಗೆ ಹಾಕಲ್ಪಡದಂತೆ ಮೊದಲು ನೋಡಿಕೊಳ್ಳಬೇಕು.

ಕೊನೆಗೆ ಹೊಣೆಯ ಪ್ರಶ್ನೆ. ಯಾವ ಮದ್ದನ್ನೂ ಮುಟ್ಟದ ತಾಯಂದಿರಲ್ಲಿಯೂ ನೂರಕ್ಕೆ ಎರಡು ಮೂರು ಕೂಸುಗಳು ಅಂಗದೋಷದಿಂದ ಹುಟ್ಟುತ್ತವೆ. ಅನೇಕ ಸಾರಿ ಕಾರಣವೇ ತಿಳಿಯದು. ಆದರೂ ಅಂಥ ಕೂಸು ಹುಟ್ಟಿದ ಕೂಡಲೆ ನೆರೆಯವರು ‘ಅವಳು ಏನು ತಿಂದಳೋ’ ಎಂದು ಗುಸುಗುಸು ಮಾತಾಡುತ್ತಾರೆ. ಹುಟ್ಟು ಕುರುಡನನ್ನು ಕಂಡು ಪಾಪ ಯಾರದೆಂದು ಶಿಷ್ಯರು ಕೇಳಿದಾಗ, ಅವನದೂ ಅಲ್ಲ, ಅವನ ತಂದೆತಾಯಿಗಳದೂ ಅಲ್ಲವೆಂಬ ಉತ್ತರ ಬಂದದ್ದನ್ನು ನಮ್ಮ ವಾಚಕರು ಬಲ್ಲರು. ಥಾಲಿಡೊಮೈಡ್ ನುಂಗಿದ ತಾಯಂದಿರು ಜೀವಮಾನವೆಲ್ಲಾ ತಮ್ಮನ್ನೇ ಹಳಿದುಕೊಂಡರು. ಮದ್ದು ಮಾಡಿದ ಕಂಪನಿಯಾದರೋ ಬಹಿರಂಗವಾಗಿ ಕ್ಷಮೆ ಬೇಡಿದ್ದು 2012 ರಲ್ಲಿ, ಐವತ್ತು ವರುಷಗಳ ತರುವಾಯ.

ಹಾಗಾದರೆ ತಾಯಿಗೆ ಹೊಣೆಯೇ ಇಲ್ಲವೋ ಎಂದು ಒಬ್ಬರು ಕೇಳಬಹುದು. ಉಂಟು, ಆದರೆ ಹೊಣೆಯು ತಿಳುವಳಿಕೆಯ ಅಳತೆಗೂ ಕೈಯಲ್ಲಿರುವ ಶಕ್ತಿಯ ಅಳತೆಗೂ ತಕ್ಕದ್ದು. ಪರೀಕ್ಷಿಸದೆ ಮಾರಿದವನಿಗೆ ಹೆಚ್ಚು ಹೊಣೆ, ಬಸುರಿಯೋ ಎಂದು ಕೇಳದೆ ಬರೆದುಕೊಟ್ಟ ವೈದ್ಯನಿಗೆ ಹೆಚ್ಚು ಹೊಣೆ. ಒಂದು ದಿನದ ಕೂಲಿ ಹೋದೀತೆಂದು ಹೆಂಡತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗದ ಗಂಡನಿಗೂ, ತನಗೆ ಹಿಂದೆ ಆಗಿಬಂತೆಂದು ಸೊಸೆಗೂ ಅದೇ ಗುಳಿಗೆಯನ್ನು ಕೊಡುವ ಅತ್ತೆಗೂ ಪಾಲುಂಟು.

ಆದಕಾರಣ ನಮ್ಮ ಮನೆಗಳಲ್ಲಿ ಈ ರೂಢಿಯು ಬರಲಿ: ಬಸುರಿಯು ಪರೀಕ್ಷೆಗೆ ಹೋಗುವಾಗ ತಾನು ತೆಗೆದುಕೊಳ್ಳುವ ಗುಳಿಗೆ, ಪುಡಿ, ಕಷಾಯ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಲಿ. ಕೇಳದೆ ಹೊಸದನ್ನು ಆರಂಭಿಸಬಾರದು, ಕೇಳದೆ ಹಳೆಯದನ್ನು ನಿಲ್ಲಿಸಬಾರದು. ಆ ಚೀಲವನ್ನು ಗಂಡನು ಹೊತ್ತುಕೊಂಡು ಜೊತೆಗೆ ಹೋಗಲಿ. ವೈದ್ಯರು ಹೇಳಿದ್ದನ್ನು ಅವನೂ ಕೇಳಿಕೊಳ್ಳಲಿ.