ದಿಬ್ಬವಾದ ಬಾವಿ

ತಪ್ಪಿಗೂ ಪಾಪಕ್ಕೂ ನಡುವಿನ ಗಡಿ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಉತ್ತರ ಹೇಳಬಲ್ಲವನಾಗಿರಬೇಕಿತ್ತು. ಗಡಿ ತೋರಿಸುವುದೇ ನನ್ನ ಹೊಟ್ಟೆಪಾಡಾಗಿತ್ತು. 2009ರಲ್ಲಿ ನಿವೃತ್ತನಾಗುವವರೆಗೆ ಸರಪಳಿ ಎಳೆಯುತ್ತ, ಬಾಂದುಕಲ್ಲು ಹುಡುಕುತ್ತ, ಅಣ್ಣತಮ್ಮಂದಿರ ಜಗಳದ ನಡುವೆ ನಿಂತು ಇದು ನಿನ್ನದು, ಇದು ಅವನದು ಎಂದು ಹೇಳುತ್ತ ಬಂದವನು ನಾನು. ಆದರೆ ನನ್ನದೇ ಒಂದು ಕೆಲಸ ಈ ಎರಡರಲ್ಲಿ ಯಾವ ಹೊಲಕ್ಕೆ ಸೇರುತ್ತದೆಂಬುದು ಇನ್ನೂ ನನಗೆ ಬಗೆಹರಿದಿಲ್ಲ.

1991ರಲ್ಲಿ ನಾನು ಹುಮನಾಬಾದಿನಲ್ಲಿದ್ದೆ. ಅಲ್ಲಿಯ ಒಂದು ಕಛೇರಿಯಲ್ಲಿ ಕಬ್ಬಿಣದ ಟ್ರಂಕೊಂದಿತ್ತು. ಅದರ ತುಂಬ ಹುಮನಾಬಾದ್ ಮತ್ತು ಬಸವಕಲ್ಯಾಣ ತಾಲ್ಲೂಕುಗಳ ಸೀಮೆಯನ್ನು ವಿಮಾನದಿಂದ ತೆಗೆದ ಹಳೆಯ ಛಾಯಾಚಿತ್ರಗಳು. ಇವನ್ನು ಕ್ರಮವಾಗಿ ಜೋಡಿಸಿ, ಯಾವುದು ಯಾವ ಊರು, ಯಾವ ಕೆರೆ, ಯಾವ ಬಾವಿ ಎಂದು ಗುರುತಿಸಿ ಒಂದು ರಿಜಿಸ್ಟರ್ ಮಾಡಬೇಕೆಂದು ನನಗೆ ಹೇಳಲಾಯಿತು. ಅಂಥ ಚಿತ್ರಗಳು ಆಗ ಎಲ್ಲರ ಕೈಗೆ ಸಿಗುವ ವಸ್ತುವಲ್ಲ. ದೇಶದ ಭದ್ರತೆಯ ಹೆಸರಿನಲ್ಲಿ ಬೀಗದ ಒಳಗೇ ಇರುತ್ತಿದ್ದವು. ನಕಾಶೆ ಮತ್ತು ಭೂಮಾಹಿತಿಯ ಮೇಲಿನ ಈ ಬಿಗಿ ಬಹುಮಟ್ಟಿಗೆ ಸಡಿಲವಾದದ್ದು 2021ರಲ್ಲಿ. ಹೀಗಾಗಿ ಟ್ರಂಕಿನ ಕೀಲಿ ನನ್ನ ಜೇಬಿಗೆ ಬಂದ ದಿನ ನನ್ನ ನಡಿಗೆಯೇ ಸ್ವಲ್ಪ ಬದಲಾಗಿತ್ತೆಂದು ಮನೆಯವರು ಈಗಲೂ ನಗುತ್ತಾರೆ.

ಒಂದೊಂದು ಚಿತ್ರವೂ ಒಂಬತ್ತು ಇಂಚಿನ ಚೌಕ. ಅಂಚಿನಲ್ಲಿ ಒಂದು ಗಡಿಯಾರದ ಮುಖ, ಎತ್ತರ ತೋರಿಸುವ ಮಾಪಕ, ಒಂದು ಸಂಖ್ಯೆ. ತೆಗೆದ ಗಳಿಗೆ ಗೊತ್ತಾಗುತ್ತದೆ, ಹಾರಿದ ಎತ್ತರ ಗೊತ್ತಾಗುತ್ತದೆ, ಊರಿನ ಹೆಸರು ಮಾತ್ರ ಇಲ್ಲ. ಆಕಾಶದಿಂದ ನೋಡಿದರೆ ಯಾವ ಊರಿಗೂ ಹೆಸರಿಲ್ಲ. ಅಮೆರಿಕದವರು 1960ರಿಂದ 1972ರವರೆಗೆ ಗೂಢಚಾರ ಉಪಗ್ರಹಗಳಿಂದ ತೆಗೆದ ಎಂಟು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು 1995ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟರು. ಅವುಗಳ ಕಥೆಯೂ ಇದೇ. ಎಷ್ಟು ದೊಡ್ಡ ಕಣ್ಣಾದರೂ ಹೆಸರನ್ನು ನೆಲದ ಮೇಲೆ ನಿಂತವರಿಂದಲೇ ಕೇಳಬೇಕು.

ಜೋಡಿಸುವ ಕೆಲಸ ಕಷ್ಟವಾಗಲಿಲ್ಲ. ವಿಮಾನ ಒಂದೇ ಸಾಲಿನಲ್ಲಿ ಹಾರುತ್ತ ಚಿತ್ರ ತೆಗೆಯುವಾಗ ಒಂದು ಚಿತ್ರದ ಶೇಕಡಾ 60ರಷ್ಟು ಭಾಗ ಮುಂದಿನ ಚಿತ್ರದಲ್ಲೂ ಬರುವಂತೆ ನೋಡಿಕೊಳ್ಳುತ್ತಾರೆ. ಒಂದು ಸಾಲಿಗೂ ಪಕ್ಕದ ಸಾಲಿಗೂ ಶೇಕಡಾ 30ರಷ್ಟು ಹೊದಿಕೆ ಇರುತ್ತದೆ. ಹೀಗಾಗಿ ಒಂದರ ಬಾಲ ಇನ್ನೊಂದರ ತಲೆಯಲ್ಲಿ ಸಿಗುತ್ತದೆ. ಕಛೇರಿಯ ನೆಲಕ್ಕೆ ಜಮಖಾನೆ ಹಾಸಿ ಚಿತ್ರಗಳನ್ನು ಒಂದರ ಪಕ್ಕ ಒಂದು ಹರವಿದೆ. ಎಪ್ಪತ್ತೇಳನೆಯ ರೇಖಾಂಶ ಈ ಎರಡು ಊರುಗಳ ನಡುವೆಯೇ ಹಾಯುತ್ತದೆ. ಆದ್ದರಿಂದ ಸರ್ವೆ ನಕಾಶೆಗಳಲ್ಲಿ ಬಸವಕಲ್ಯಾಣ ಒಂದು ಹಾಳೆಯಲ್ಲಿ, ಹುಮನಾಬಾದ್ ಇನ್ನೊಂದು ಹಾಳೆಯಲ್ಲಿ ಬರುತ್ತವೆ. ನನ್ನ ಜಮಖಾನೆಯ ಮೇಲೆ ಮಾತ್ರ ಎರಡೂ ಕೂಡಿಕೊಂಡವು. ಕಲ್ಯಾಣದ ಕೋಟೆಗೋಡೆ, ತ್ರಿಪುರಾಂತದ ಕೆರೆ, ಸಸ್ತಾಪುರ ಬಂಗ್ಲಾದಿಂದ ಹುಮನಾಬಾದಿಗೆ ಬರುವ ಹೈದರಾಬಾದಿನ ಹೆದ್ದಾರಿ, ಮಾಣಿಕನಗರ, ಇವೆಲ್ಲ ತಾವಾಗಿಯೇ ನನ್ನನ್ನು ಮಾತನಾಡಿಸಿದವು. ಎರಿ ಹೊಲ ಕಪ್ಪಗೆ, ಕೆಂಪು ಜಂಬಿಟ್ಟಿಗೆಯ ಬಯಲು ಬೆಳ್ಳಗೆ ಕಾಣುತ್ತಿದ್ದವು.

ಊರೂರಿಗೆ ಹೋಗಿ ಕೇಳುವುದು ಮುಂದಿನ ಕೆಲಸ. ಸೈಕಲ್ಲಿನ ಹಿಂದೆ ಚಿತ್ರಗಳ ಚೀಲ ಕಟ್ಟಿಕೊಂಡು ಹೋಗಿ ಚಾವಡಿಯಲ್ಲಿ ಕೂಡುತ್ತಿದ್ದೆ. ಚಹಾ ಬರುತ್ತಿತ್ತು, ಹಿರಿಯರು ಬರುತ್ತಿದ್ದರು. ಆಕಾಶದಿಂದ ತಮ್ಮ ಊರನ್ನು ನೋಡಿ ಮಕ್ಕಳಂತೆ ಸಂತೋಷಪಡುತ್ತಿದ್ದರು. ಒಂದೊಂದು ಬಾವಿಗೂ ಹೆಸರು ಹೇಳಿದರು, ಒಂದೊಂದು ಹೊಲಕ್ಕೂ ಕಥೆ ಹೇಳಿದರು. ನಿಜಾಮನ ಕಾಲದಿಂದ ಬಂದ ನಮ್ಮ ಕಂದಾಯದ ಭಾಷೆಯಲ್ಲಿ ಜನವಸತಿ ಇಲ್ಲದ ಊರಿಗೆ ಬೇಚಿರಾಗ್ ಎನ್ನುತ್ತಾರೆ, ದೀಪವಿಲ್ಲದ್ದು ಎಂದು ಅರ್ಥ. ಅಂಥ ಹಾಳೂರುಗಳ ಕುರುಹನ್ನೂ ಮುದುಕರು ಬೆರಳಿಟ್ಟು ತೋರಿಸಿದರು. ಅವನ್ನೂ ಭಕ್ತಿಯಿಂದ ಬರೆದುಕೊಂಡೆ.

ಹೀಗೆ ಒಂದು ಊರಿನಲ್ಲಿ ಕೂತಿದ್ದಾಗ ಕೇರಿಯ ಹಿಂದೆ ಒಂದು ಸಣ್ಣ ಗುರುತು ಕಂಡಿತು. ಆ ಚಿತ್ರದ ಅಳತೆ ಹತ್ತು ಸಾವಿರಕ್ಕೆ ಒಂದು, ಅಂದರೆ ಒಂದು ಸೆಂಟಿಮೀಟರಿಗೆ ನೂರು ಮೀಟರು. ಗುರುತು ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. ಅದರ ಜೋಡಿ ಚಿತ್ರ ಟ್ರಂಕಿನಲ್ಲಿ ಇರಲಿಲ್ಲ. ಜೋಡಿ ಇದ್ದಿದ್ದರೆ ಸ್ಟೀರಿಯೋಸ್ಕೋಪಿನಲ್ಲಿ ಇಟ್ಟು, ಒಂದು ಕಣ್ಣಿಗೆ ಒಂದು ಚಿತ್ರ, ಇನ್ನೊಂದು ಕಣ್ಣಿಗೆ ಇನ್ನೊಂದು ಎಂದು ನೋಡಿ ಎತ್ತರ ತಗ್ಗು ತಿಳಿಯಬಹುದಿತ್ತು. ಭೂತಗನ್ನಡಿ ಹಿಡಿದು ನೋಡಿದೆ, ನೆಲದಿಂದ ಉಬ್ಬಿದಂತೆ ಕಂಡಿತು. ಚಾವಡಿಯಲ್ಲಿದ್ದವರನ್ನು ಕೇಳಿದೆ. ಒಬ್ಬರು, "ಅದೇನೋ ಹಾಳು ಜಾಗ ಅದರೀ, ದಿಬ್ಬ ಅಂತ ಬರಕೊಳ್ರಿ" ಎಂದರು. ಕೇರಿ ಅಲ್ಲಿಂದ ಎರಡು ಫರ್ಲಾಂಗ್ ಇದ್ದೀತು. ಬಿಸಿಲು ನೆತ್ತಿಗೆ ಬಂದಿತ್ತು, ಇನ್ನೂ ಒಂದು ಊರು ಮುಗಿಸಬೇಕಿತ್ತು. 'ದಿಬ್ಬ' ಎಂದು ಬರೆದು ಸಂಖ್ಯೆ ಹಾಕಿದೆ.

ಕೆಲವು ವರ್ಷಗಳ ಮೇಲೆ ಆ ಸೀಮೆಯ ಹಳೆಯ ಬಾವಿಗಳ ಹೂಳೆತ್ತುವ ಕೆಲಸ ಬಂತು. ನನ್ನ ರಿಜಿಸ್ಟರನ್ನು ಮುಂದಿಟ್ಟುಕೊಂಡೇ ಪಟ್ಟಿ ಮಾಡಿದರು. ದಿಬ್ಬದ ಹೂಳನ್ನು ಯಾರು ಎತ್ತುತ್ತಾರೆ?

ಇದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ. ಒಂದು ಮದುವೆಗೆಂದು ಅದೇ ಊರಿಗೆ ಹೋಗಿದ್ದೆ. ಸಂಜೆ ಅಡ್ಡಾಡಲು ಹೋದವನು ಕೇರಿಯ ಹಿಂದಕ್ಕೆ ಬಂದೆ. ದಿಬ್ಬ ಎಲ್ಲೂ ಕಾಣಲಿಲ್ಲ. ಕಸ ಕಲ್ಲು ತುಂಬಿದ ತಗ್ಗು, ಅದರ ಅಂಚಿನಲ್ಲಿ ಕೆಂಪು ಕಲ್ಲಿನ ನಾಲ್ಕು ಮೆಟ್ಟಿಲು ಇದ್ದವು. ಹತ್ತಿರದಲ್ಲಿ ಕೂತಿದ್ದ ಮುದುಕಿಯನ್ನು, "ಆಯಿ, ಇಲ್ಲೊಂದು ದಿಬ್ಬ ಇತ್ತಲ್ಲಾ?" ಎಂದು ಕೇಳಿದೆ. ಆಕೆ ನನ್ನನ್ನು ಕೆಳಗಿನಿಂದ ಮೇಲೆ ನೋಡಿದಳು.

"ದಿಬ್ಬ ಎಲ್ಲಿಂದ ಬಂತ್ರಿ ಸಾಹೇಬ್ರ? ಬಾವಿ ಇತ್ತು. ಎಪ್ಪತ್ತೆರಡರ ಬರದಾಗೂ ಬತ್ತಿದ್ದಿಲ್ಲ."

ನಾನು ಚಿತ್ರದ ಸಂಗತಿ, ರಿಜಿಸ್ಟರಿನ ಸಂಗತಿ ಹೇಳಿದೆ. ಹೇಳಬಾರದಿತ್ತೇನೋ, ಆದರೆ ಮುಚ್ಚಿಡಲು ಬಾಯಿ ಬರಲಿಲ್ಲ. ಆಕೆ ಸಿಟ್ಟಾಗಲಿಲ್ಲ. "ಹಂಗಾದ್ರ ನಿಮ್ಮ ದಿಬ್ಬದಾಗಿನ ನೀರೇ ಸೇದಿ ನಾವು ಬಾಳೇವು ಮಾಡೀವಿ ಬಿಡ್ರಿ" ಎಂದು ನಕ್ಕಳು. ಆ ನಗೆಯನ್ನು ನಾನು ಈಗಲೂ ಮರೆತಿಲ್ಲ.

ಬಾವಿ ದಿಬ್ಬವಾಗಿ ಕಂಡದ್ದೇಕೆ ಎಂಬುದಕ್ಕೆ ಕಾರಣವಿದೆ. ಬೆಳಕು ಮೇಲಿನಿಂದ ಬೀಳುತ್ತದೆಂದು ನಮ್ಮ ಕಣ್ಣು ನಂಬಿಕೊಂಡಿದೆ. ನಮ್ಮ ಸೀಮೆಯಲ್ಲಿ ಚಳಿಗಾಲದ ಸೂರ್ಯ ದಕ್ಷಿಣಕ್ಕಿರುತ್ತಾನೆ, ನೆರಳು ಉತ್ತರಕ್ಕೆ ಬೀಳುತ್ತದೆ. ನಕಾಶೆಯ ಅಭ್ಯಾಸದಿಂದ ಉತ್ತರ ಮೇಲಕ್ಕೆ ಬರುವಂತೆ ಚಿತ್ರ ಹಿಡಿದರೆ ನೆರಳು ನಮ್ಮಿಂದ ಆಚೆಗೆ ಬೀಳುತ್ತದೆ, ಬೆಳಕು ಕೆಳಗಿನಿಂದ ಬಂದಂತಾಗುತ್ತದೆ. ಆಗ ಕಣ್ಣು ಮೋಸಹೋಗಿ ತಗ್ಗು ಉಬ್ಬಾಗಿ, ಉಬ್ಬು ತಗ್ಗಾಗಿ ಕಾಣುತ್ತವೆ. ಚಿತ್ರವನ್ನು ತಿರುಗಿಸಿ ನೆರಳು ನೋಡುವವನ ಕಡೆಗೆ ಬೀಳುವಂತೆ ಹಿಡಿಯಬೇಕು. ತರಬೇತಿಯಲ್ಲಿ ಇದನ್ನು ನಮಗೆ ಕಲಿಸಿದ್ದರು. ಆವತ್ತು ನಾನು ತಿರುಗಿಸಲಿಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮಲ್ಲಿದೆ. ನಾನು ಸುಳ್ಳು ಬರೆಯಲಿಲ್ಲ, ಕಂಡದ್ದನ್ನೇ ಬರೆದೆ. ಲಂಚ ತಿನ್ನಲಿಲ್ಲ, ಯಾರ ಮೇಲೂ ಹಗೆ ಸಾಧಿಸಲಿಲ್ಲ. ಹಾಗಾದರೆ ಇದು ಬರೀ ತಪ್ಪು, ಕಣ್ಣಿನ ತಪ್ಪು ಎಂದು ಬಹಳ ದಿನ ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ. ಬಾವಿ ಪಟ್ಟಿಯಲ್ಲಿದ್ದರೂ ಹೂಳೆತ್ತುತ್ತಿದ್ದರೆಂಬ ಖಾತ್ರಿ ಏನು ಎಂದೂ ವಾದ ಹೂಡಿದೆ. ಆದರೆ ಒಂದು ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಗೌಡರ ಬಾವಿಯೂ ಅದೇ ಚಿತ್ರದಲ್ಲಿತ್ತು, ಅದೇ ಬೆಳಕಿನಲ್ಲಿತ್ತು. ಅದೂ ಮೊದಲು ಉಬ್ಬಾಗಿಯೇ ಕಂಡಿತ್ತು. ಅದು ದಿಬ್ಬವಾಗಲಿಲ್ಲವೇಕೆ? ಅದು ಬಾವಿ ಎಂದು ಹೇಳುವವರು ನನ್ನ ಎದುರಿಗೇ ಕೂತು ಚಹಾ ಕುಡಿಯುತ್ತಿದ್ದರು. ದೀಪವಿಲ್ಲದ ಊರುಗಳ ಹೆಸರು ನನ್ನ ರಿಜಿಸ್ಟರಿನಲ್ಲಿ ಬಂತು, ದೀಪ ಉರಿಯುತ್ತಿದ್ದ ಕೇರಿಯ ಬಾವಿಯ ಹೆಸರು ಬರಲಿಲ್ಲ. ಕಣ್ಣು ಎಲ್ಲರಿಗೂ ಸಮನಾಗಿ ಮೋಸಮಾಡಿತ್ತು. ಕೆಲವರ ಮಟ್ಟಿಗೆ ಮಾತ್ರ ನಾನು ಆ ಮೋಸವನ್ನು ತಿದ್ದಿಕೊಂಡೆ. ಕಾಣದೆ ಹೋದದ್ದು ತಪ್ಪು. ಕೇಳದೆ ಹೋದದ್ದು ತಪ್ಪಿಗಿಂತ ಹೆಚ್ಚಿನದು.

ಇದು ನಡೆದದ್ದು ಎಂಥ ನೆಲದಲ್ಲಿ ಎಂದು ನೆನೆದರೆ ಇನ್ನಷ್ಟು ನಾಚಿಕೆಯಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣ ಮತ್ತು ಶರಣರು ಕೇರಿಗೂ ಊರಿಗೂ ನಡುವಿನ ಗೆರೆಯನ್ನೇ ಅಳಿಸಲು ಹೊರಟ ಕಲ್ಯಾಣ ಇದು. ಆ ಗೆರೆ ದಾಟಿದ್ದಕ್ಕೆ ಹರಳಯ್ಯ, ಮಧುವರಸರು ಪ್ರಾಣ ತೆತ್ತರೆಂದು ಪರಂಪರೆ ಹೇಳುವ ಊರು. ಕೋಟೆಯ ಚಿತ್ರವನ್ನು ಗುರುತಿಸಿದ ದಿನ ನಾನು ಇದನ್ನೆಲ್ಲ ಜೊತೆಯವರಿಗೆ ಅಭಿಮಾನದಿಂದ ವಿವರಿಸಿದ್ದೆ. ಎರಡು ಫರ್ಲಾಂಗ್ ನಡೆಯುವಾಗ ಮಾತ್ರ ಬಿಸಿಲು ಕಂಡಿತು.

ಎಲ್ಲರನ್ನೂ ಕೇಳುತ್ತ ಕೂತರೆ ಯಾವ ರಿಜಿಸ್ಟರ್ ಮುಗಿದೀತು ಎಂದು ಕಛೇರಿಯ ಅನುಭವವಿದ್ದವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆಗಳನ್ನು ಡ್ರೋನಿನಿಂದ ಅಳೆಯುವ ಕ್ರಮವನ್ನು ನೋಡಿದಾಗ ನನಗೆ ಒಂದು ದಾರಿ ಕಂಡಂತಾಯಿತು. ಅಲ್ಲಿ ಡ್ರೋನ್ ಹಾರುವ ಮೊದಲೇ ಪ್ರತಿ ಮನೆಯ ಸುತ್ತ ಗಡಿಗೆ ಸುಣ್ಣದ ಪುಡಿಯ ಗೆರೆ ಹಾಕುತ್ತಾರೆ. ಮೊದಲು ನೆಲದವರ ಮಾತು, ಆಮೇಲೆ ಆಕಾಶದ ಕಣ್ಣು. ಆ ಗೆರೆ ಹಾಕುವಾಗ ಯಾರು ಬಾಗಿಲಲ್ಲಿ ನಿಂತಿದ್ದರು, ಯಾರು ಕೂಲಿಗೆ ಹೋಗಿದ್ದರು ಎಂಬ ಪ್ರಶ್ನೆ ಅಲ್ಲಿಯೂ ಇದ್ದೇ ಇದೆ. ಯಂತ್ರ ಎಷ್ಟು ಹೊಸದಾದರೂ ಆ ಎರಡು ಫರ್ಲಾಂಗನ್ನು ಮನುಷ್ಯನೇ ನಡೆಯಬೇಕು.

ಮದುವೆಯಿಂದ ಬಂದ ಮೇಲೆ ಕಛೇರಿಗೆ ಹೋಗಿ, ವಿಷಯ ತಿಳಿಸಿ, ಅನುಮತಿ ಪಡೆದು ಹಳೆಯ ರಿಜಿಸ್ಟರ್ ತೆಗೆಸಿದೆ. 'ದಿಬ್ಬ' ಎಂಬುದನ್ನು ಅಳಿಸಲು ಮನಸ್ಸಾಗಲಿಲ್ಲ. ಅಳಿಸಿದರೆ ನನ್ನ ಕೈಕೆಲಸವೂ ಅಳಿಸಿಹೋಗುತ್ತದೆ. ಓದಲು ಬರುವಂತೆ ಒಂದೇ ಗೆರೆ ಎಳೆದು ಕೆಳಗೆ ಬಾವಿ ಎಂದು ಬರೆದೆ. ಊರವರು ಆ ಬಾವಿಗೆ ಜಾತಿಯ ಹೆಸರು ಹಿಡಿದೇ ಕರೆಯುತ್ತಿದ್ದರಂತೆ. ಕೇರಿಯವರ ಬಾಯಲ್ಲಿ ಅದು ಸಿಹಿನೀರ ಬಾವಿ. ಆಯಿ ಹೇಳಿದ್ದನ್ನೇ ಬರೆದು, ಕೇರಿಯ ಹಿರಿಯರು ತಿಳಿಸಿದಂತೆ ಎಂದು ಸೇರಿಸಿ ತಾರೀಖು ಹಾಕಿದೆ. ಇದರಿಂದ ಬಾವಿಗೆ ನೀರು ಬರಲಿಲ್ಲ. ಅದು ನನಗೆ ಗೊತ್ತಿದೆ.

ರಿಜಿಸ್ಟರಿನ ಕೊನೆಯಲ್ಲಿ 'ಗುರುತು ಸಿಗದವು' ಎಂಬ ತಲೆಬರಹದ ಕೆಳಗೆ ಇನ್ನೂ ನಲವತ್ತು ಸಂಖ್ಯೆಗಳಿದ್ದವು. ಅವೆಲ್ಲ ಕೇರಿಗಳ, ತಾಂಡಾಗಳ, ಊರಾಚೆಯ ಗುಡಿಸಲುಗಳ ಆಸುಪಾಸಿನವು ಎಂಬುದು ಆವತ್ತು ಮೊದಲ ಸಲ ನನ್ನ ಕಣ್ಣಿಗೆ ಬಿತ್ತು. ಆ ತಲೆಬರಹಕ್ಕೂ ಒಂದು ಗೆರೆ ಎಳೆದು, ಕೆಳಗೆ 'ಇನ್ನೂ ಕೇಳಬೇಕಾದವು' ಎಂದು ಬರೆದೆ. ಹನ್ನೊಂದನ್ನು ಕೇಳಿ ಮುಗಿಸಿದ್ದೇನೆ. ಮೊಣಕಾಲು ಸುಮ್ಮನಿರುವ ದಿನಗಳಲ್ಲಿ ಉಳಿದವಕ್ಕೆ ಹೋಗುತ್ತೇನೆ.